ಮನೇಲಿ ಎರಡು ಭಾಷೆ ಇದ್ರೆ ಮಗುವಿಗೆ ಗೊಂದಲ ಆಗುತ್ತಾ?

ನಮ್ಮ ಚಾನೆಲ್‌ನ ಎಡಿಟಿಂಗ್ ವಿಭಾಗದಲ್ಲಿ ಒಬ್ಬ ಹುಡುಗ ಇದ್ದಾನೆ. ಗದಗ ಕಡೆಯವನು. ಹೆಂಡತಿ ಪುತ್ತೂರಿನವಳು, ತವರುಮನೆಯಲ್ಲಿ ತುಳು. ಇಬ್ಬರೂ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವರು. ಇಲ್ಲೇ ಪರಿಚಯ, ಇಲ್ಲೇ ಮದುವೆ. ಎರಡೂವರೆ ವರ್ಷದ ಒಬ್ಬ ಮಗ. ಇಬ್ಬರೂ ಕೆಲಸಕ್ಕೆ ಹೋಗೋದರಿಂದ ಮಗು ನೋಡಿಕೊಳ್ಳೋಕೆ ಗದಗದಿಂದ ಹುಡುಗನ ತಾಯಿ ಬಂದು ಇದ್ದಾರೆ.

ಒಂದು ರಾತ್ರಿ ಒಂಬತ್ತರ ಬುಲೆಟಿನ್ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದೆ. ಈ ಹುಡುಗ ಕಾಯ್ತಾ ನಿಂತಿದ್ದ. "ಸರ್, ಒಂದೈದು ನಿಮಿಷ ಮಾತಾಡಬೇಕಿತ್ತು" ಅಂದ. ರಜೆ ಕೇಳ್ತಾನೆ ಅಂದುಕೊಂಡೆ. ವಿಷಯ ಬೇರೆಯೇ ಇತ್ತು.

ಮಗುವನ್ನು ಮನೆ ಹತ್ತಿರದ ಒಂದು ಪ್ಲೇ ಸ್ಕೂಲಿಗೆ ಸೇರಿಸಿದ್ದಾರೆ. ಅಲ್ಲಿನವರು ಗಂಡ ಹೆಂಡತಿ ಇಬ್ಬರನ್ನೂ ಕರೆದು ಕೂರಿಸಿ ಹೇಳಿದರಂತೆ: "ನಿಮ್ಮ ಮಗು ಮಿಕ್ಸ್ ಮಾಡಿ ಮಾತಾಡ್ತಿದೆ. ಮನೇಲಿ ಎಷ್ಟು ಭಾಷೆ ಮಾತಾಡ್ತೀರಿ ನೀವು? ಅದಕ್ಕೆ ಮಗು ಕನ್ಫ್ಯೂಸ್ ಆಗಿದೆ. ಇವತ್ತಿನಿಂದ ಮನೇಲಿ ಇಂಗ್ಲಿಷ್ ಮಾತ್ರ ಮಾತಾಡಿ. ಇಲ್ಲಾಂದ್ರೆ ಮುಂದೆ ಕಷ್ಟ ಆಗುತ್ತೆ."

ಇವರು ಹೆದರಿಬಿಟ್ಟರು. ಯಾವ ಅಪ್ಪ ಅಮ್ಮ ಹೆದರಲ್ಲ ಹೇಳಿ? ಅವತ್ತಿನಿಂದಲೇ ಮನೆಯಲ್ಲಿ ತುಳು ಬಂದ್, ಕನ್ನಡ ಬಂದ್. ತಾಯಿ ತನಗೆ ಬರೋ ಅಷ್ಟು ಇಂಗ್ಲಿಷಿನಲ್ಲಿ "ಕಮ್ ಹಿಯರ್, ಸಿಟ್ ಡೌನ್, ಈಟ್ ಫಾಸ್ಟ್" ಅಂತ ಶುರು ಮಾಡಿದಳು. ಅಜ್ಜಿಗೂ ಹೇಳಿದರು, ಮಗು ಎದುರು ಕನ್ನಡ ಬೇಡ ಅಂತ.

"ಅವ್ವ ಈಗ ಮಗು ಜೊತೆ ಮಾತೇ ಆಡಲ್ಲ ಸರ್. ಊಟ ಮಾಡಿಸ್ತಾಳೆ, ಮಲಗಿಸ್ತಾಳೆ, ಬಾಯಿ ಬಿಡಲ್ಲ. ಕೇಳಿದ್ರೆ, 'ನನಗ ಬರೋ ಮಾತೇ ತಪ್ಪು ಅಂದ ಮ್ಯಾಲ ನಾ ಯಾಕ ಬಾಯಿ ತೆಗೀಲೋ ತಮ್ಮಾ' ಅಂತಾಳೆ. ಮೂರು ವಾರ ಆಯ್ತು. ಮಗೂನೂ ಮೊದಲಿಗಿಂತ ಕಮ್ಮಿ ಮಾತಾಡ್ತಿದೆ."

ಇಷ್ಟು ಹೇಳಿ ಅವನು ಕೇಳಿದ ಪ್ರಶ್ನೆ ಒಂದೇ. "ಸರ್, ನಿಜವಾಗ್ಲೂ ಎರಡು ಮೂರು ಭಾಷೆ ಮಾತಾಡಿದ್ರೆ ಮಕ್ಕಳ ತಲೆಗೆ ತೊಂದರೆ ಆಗುತ್ತಾ?"

ಇದು ಅವನೊಬ್ಬನ ಪ್ರಶ್ನೆ ಅಲ್ಲ. ಫೋನ್-ಇನ್ ಕಾರ್ಯಕ್ರಮಗಳಲ್ಲಿ, ಮದುವೆ ಮನೆಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಜನ ನನ್ನನ್ನು ಇದನ್ನೇ ಕೇಳ್ತಾರೆ. ಹಾಗಾಗಿ ಅವತ್ತು ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ನಿಮಗೂ ಹೇಳ್ತೀನಿ.

ಮೊದಲನೇದಾಗಿ, ಈ ಭಯ ಬಂದಿದ್ದು ಎಲ್ಲಿಂದ? ಇದು ಪ್ಲೇ ಸ್ಕೂಲಿನ ಟೀಚರ್ ಕಂಡುಹಿಡಿದಿದ್ದಲ್ಲ. ಇದಕ್ಕೆ ನೂರು ವರ್ಷದ ಇತಿಹಾಸ ಇದೆ.

1923ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಡಿ. ಜೆ. ಸೇರ್ ಅನ್ನೋ ಸಂಶೋಧಕ ಒಂದು ಅಧ್ಯಯನ ಪ್ರಕಟಿಸಿದ. ಸುಮಾರು 1400 ಶಾಲಾ ಮಕ್ಕಳಿಗೆ ಬುದ್ಧಿಶಕ್ತಿಯ ಪರೀಕ್ಷೆ ಮಾಡಿದ್ದ. ಹಳ್ಳಿಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಮಾತಾಡೋ ಮಕ್ಕಳಿಗೆ ಒಂದೇ ಭಾಷೆ ಮಾತಾಡೋ ಮಕ್ಕಳಿಗಿಂತ ಕಡಿಮೆ ಅಂಕ ಬಂತು. ಎರಡು ಭಾಷೆ ಇದ್ರೆ ಮಾನಸಿಕ ಗೊಂದಲ ಅನ್ನೋ ತೀರ್ಮಾನ ಅಲ್ಲಿಂದ ಹರಡಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಪಟ್ಟಣದ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಿಸಲಿಲ್ಲ. ಯೋಚನೆ ಮಾಡಿ. ಎರಡು ಭಾಷೆಯಿಂದಲೇ ತಲೆ ಕೆಡೋದಾಗಿದ್ರೆ ಪಟ್ಟಣದ ಮಕ್ಕಳಿಗೂ ಕೆಡಬೇಕಿತ್ತಲ್ಲ?

1926ರಲ್ಲಿ ಅಮೆರಿಕದಲ್ಲಿ ಫ್ಲಾರೆನ್ಸ್ ಗುಡ್‌ಇನಫ್ ಅನ್ನೋ ಮನಶ್ಶಾಸ್ತ್ರಜ್ಞೆ ವಲಸೆ ಬಂದವರ ಮನೆಗಳನ್ನು ನೋಡಿದರು. ಯಾವ ಸಮುದಾಯದವರು ಮನೆಯಲ್ಲಿ ತಮ್ಮ ಹಳೆಯ ಭಾಷೆಯನ್ನು ಹೆಚ್ಚು ಬಳಸ್ತಾರೋ ಆ ಸಮುದಾಯದ ಮಕ್ಕಳ ಐಕ್ಯೂ ಅಂಕ ಕಡಿಮೆ ಅಂತ ಲೆಕ್ಕ ಕೊಟ್ಟರು. ತಪ್ಪು ಮನೆಯ ಭಾಷೆಯ ಮೇಲೆ ಬಿತ್ತು. ಹೊಸದಾಗಿ ಹಡಗು ಇಳಿದು ಬಂದವರ ಬಡತನದ ಮೇಲೆ ಬೀಳಲಿಲ್ಲ.

ನೆನಪಿಟ್ಟುಕೊಳ್ಳಿ, ಇದೇ ನಮ್ಮ ಭಯದ ಬೇರು. ಬಡವರನ್ನು ಸ್ಥಿತಿವಂತರ ಜೊತೆ ತೂಗಿ ನೋಡಿ, ತಕ್ಕಡಿಯಲ್ಲಿ ಕಂಡ ವ್ಯತ್ಯಾಸವನ್ನು ಭಾಷೆಯ ಲೆಕ್ಕಕ್ಕೆ ಬರೆದುಬಿಟ್ಟರು.

ಇದು ತಿರುಗಿದ್ದು 1962ರಲ್ಲಿ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಅನ್ನೋ ಇಬ್ಬರು ಹತ್ತು ವರ್ಷದ ಮಕ್ಕಳನ್ನು ಪರೀಕ್ಷೆ ಮಾಡಿದರು. ಈ ಸಲ ಮನೆಯ ಸ್ಥಿತಿಗತಿಯನ್ನು ಸರಿದೂಗಿಸಿಕೊಂಡರು. ಫ್ರೆಂಚ್ ಮತ್ತು ಇಂಗ್ಲಿಷ್ ಎರಡೂ ಚೆನ್ನಾಗಿ ಬರೋ ಮಕ್ಕಳು ಹಿಂದೆ ಬೀಳಲಿಲ್ಲ, ಹಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು. ಇದರಲ್ಲೂ ಒಂದು ಕೊರತೆ ಇದೆ, ಹೇಳಿಬಿಡ್ತೀನಿ. ಎರಡೂ ಭಾಷೆ ಸಮವಾಗಿ ಬರೋ ಮಕ್ಕಳನ್ನೇ ಆರಿಸಿಕೊಂಡಾಗ, ಮೊದಲೇ ಚುರುಕಾಗಿದ್ದ ಮಕ್ಕಳು ಆ ಗುಂಪಿಗೆ ಹೆಚ್ಚು ಬಂದಿರಬಹುದು. ಆದರೆ ಎರಡು ಭಾಷೆ ಅಂದ್ರೆ ದಡ್ಡತನ ಅನ್ನೋ ಹಳೆಯ ಮಾತು ಅಲ್ಲಿಗೆ ನಿಂತಿತು.

ನಮ್ಮ ದೇಶದಲ್ಲೇ ಇದಕ್ಕಿಂತ ಒಳ್ಳೆ ಉದಾಹರಣೆ ಇದೆ. ಒಡಿಶಾದ ಕಂಧಮಾಲ್ ಪ್ರದೇಶದಲ್ಲಿ ಕೊಂಧ ಬುಡಕಟ್ಟಿನ ಜನ ಇದ್ದಾರೆ. ಅವರ ಭಾಷೆ ಕುಯಿ. ಕೆಲವು ಊರುಗಳಲ್ಲಿ ಕೊಂಧರು ಕುಯಿ ಮತ್ತು ಒಡಿಯಾ ಎರಡನ್ನೂ ಮಾತಾಡ್ತಾರೆ. ಇನ್ನು ಕೆಲವು ಊರುಗಳಲ್ಲಿ ಕುಯಿ ಬಿಟ್ಟುಹೋಗಿದೆ, ಒಡಿಯಾ ಒಂದೇ. ಜನ ಒಂದೇ ಬುಡಕಟ್ಟಿನವರು, ಬದುಕು ಒಂದೇ, ಬಡತನವೂ ಒಂದೇ. ಮನಶ್ಶಾಸ್ತ್ರಜ್ಞ ಅಜಿತ್ ಮೊಹಾಂತಿ ಈ ಎರಡೂ ಕಡೆಯ ಮಕ್ಕಳನ್ನು ಹೋಲಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ತಮ್ಮ ಭಾಷೆ ಉಳಿಸಿಕೊಂಡು ಒಡಿಯಾವನ್ನೂ ಕಲಿತ ಮಕ್ಕಳು ಭಾಷೆಯ ಬಗ್ಗೆ ಯೋಚಿಸೋ ಕೆಲಸಗಳಲ್ಲಿ, ಬುದ್ಧಿಯ ಕೆಲಸಗಳಲ್ಲಿ ಒಂದೇ ಭಾಷೆಯ ಮಕ್ಕಳಿಗಿಂತ ಚೆನ್ನಾಗಿ ಮಾಡಿದರು. ಇಲ್ಲಿ ಯಾರೂ ಶ್ರೀಮಂತರಿರಲಿಲ್ಲ. ಕಾನ್ವೆಂಟ್ ಇರಲಿಲ್ಲ.

ಸರಿ, ಮಗುವಿನ ತಲೆಯೊಳಗೆ ಏನಾಗುತ್ತೆ? ಎರಡು ಭಾಷೆ ಒಟ್ಟಿಗೆ ಬಂದು ಕಲಸುಮೇಲೋಗರ ಆಗಲ್ವಾ?

ಮಗು ನಾವು ಅಂದುಕೊಂಡಿರೋದಕ್ಕಿಂತ ತುಂಬಾ ಜಾಣ. ಹೊಟ್ಟೆಯಲ್ಲಿರುವಾಗಲೇ ತಾಯಿಯ ಮಾತಿನ ಲಯ ಅದಕ್ಕೆ ಕೇಳಿಸ್ತಿರುತ್ತೆ. ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿದ ಕೆಲವೇ ದಿನಗಳ ಶಿಶುಗಳ ಮೇಲೆ ಒಂದು ಅಧ್ಯಯನ ಆಯ್ತು, 2010ರಲ್ಲಿ ಪ್ರಕಟವಾಯ್ತು. ಗರ್ಭಿಣಿಯಾಗಿದ್ದಾಗ ಇಂಗ್ಲಿಷ್ ಮತ್ತು ಫಿಲಿಪೈನ್ಸ್‌ನ ತಗಾಲೋಗ್ ಎರಡನ್ನೂ ಮಾತಾಡ್ತಿದ್ದ ತಾಯಂದಿರ ಶಿಶುಗಳು ಎರಡೂ ಭಾಷೆಗೆ ಕಿವಿಗೊಟ್ಟವು. ಅಷ್ಟೇ ಅಲ್ಲ, ಎರಡೂ ಬೇರೆ ಬೇರೆ ಭಾಷೆ ಅನ್ನೋದನ್ನೂ ಗುರುತಿಸಿದವು. ಹುಟ್ಟಿದ ವಾರದಲ್ಲೇ ಬೇರೆ ಮಾಡಿ ಕೇಳೋ ಮಗು ಎರಡೂವರೆ ವರ್ಷಕ್ಕೆ ಗೊಂದಲ ಆಗುತ್ತೆ ಅಂದ್ರೆ ಹೇಗೆ?

ಇನ್ನೊಂದು ಪ್ರಯೋಗ ಕೇಳಿ, ಟಿವಿಯವನಾಗಿ ನನಗೆ ಇದು ಬಹಳ ಇಷ್ಟ. ಮ್ಯೂಟ್ ಮಾಡಿದ ಟಿವಿ ಅಂದುಕೊಳ್ಳಿ. ಪರದೆ ಮೇಲೆ ಒಬ್ಬರು ಮಾತಾಡ್ತಿದ್ದಾರೆ, ಶಬ್ದ ಇಲ್ಲ. ಸ್ವಲ್ಪ ಹೊತ್ತಿನ ನಂತರ ಇಂಗ್ಲಿಷ್ ಬಿಟ್ಟು ಫ್ರೆಂಚ್ ಮಾತಾಡೋಕೆ ಶುರು ಮಾಡ್ತಾರೆ. ತುಟಿ ನೋಡಿಯೇ ಭಾಷೆ ಬದಲಾಯ್ತು ಅಂತ ಹೇಳಬೇಕು. ನಾಲ್ಕು ತಿಂಗಳ, ಆರು ತಿಂಗಳ ಶಿಶುಗಳು ಇದನ್ನು ಗುರುತಿಸ್ತವೆ! ಎಂಟು ತಿಂಗಳಾಗೋ ಹೊತ್ತಿಗೆ ಒಂದೇ ಭಾಷೆ ಕೇಳಿ ಬೆಳೆದ ಶಿಶುಗಳಲ್ಲಿ ಈ ಶಕ್ತಿ ಕುಗ್ಗಿರುತ್ತೆ, ಎರಡೂ ಭಾಷೆ ಕೇಳಿದ ಶಿಶುಗಳಲ್ಲಿ ಉಳಿದಿರುತ್ತೆ. 2007ರಲ್ಲಿ ಪ್ರಕಟವಾದ ಅಧ್ಯಯನ ಇದು.

ಹಾಗಾದ್ರೆ ಮಿಕ್ಸ್ ಮಾಡಿ ಮಾತಾಡೋದು ಯಾಕೆ? ನಮ್ಮ ಹುಡುಗನ ಮಗ ಗದಗದ ಅಜ್ಜಿ ಹತ್ತಿರ ಹೋಗಿ "ಅಜ್ಜಿ, ನೀರ್ ಬೋಡು" ಅಂತಿದ್ದನಂತೆ. ತುಳುವಿನಲ್ಲಿ ಬೋಡು ಅಂದ್ರೆ ಬೇಕು. ಅಜ್ಜಿಗೆ ಮೊದಲು ನಗು, ಆಮೇಲೆ ಅವರೇ ಆ ಪದ ಕಲಿತುಬಿಟ್ಟರು. ಇದನ್ನೇ ಪ್ಲೇ ಸ್ಕೂಲಿನವರು ಗೊಂದಲ ಅಂದಿದ್ದು.

ಸ್ವಾಮಿ, ಗೊಂದಲ ಎಲ್ಲಿದೆ ಇದರಲ್ಲಿ? ಮಗುವಿಗೆ ನೀರು ಬೇಕು. ಆ ಕ್ಷಣಕ್ಕೆ ಬಾಯಿಗೆ ಸಿಕ್ಕ ಪದ ಬೋಡು. ಅದನ್ನೇ ಎತ್ತಿಕೊಂಡಿದೆ. ನಾವು ದೊಡ್ಡವರು ದಿನಾ ಮಾಡೋದೂ ಇದನ್ನೇ ಅಲ್ವಾ? "ಟ್ರಾಫಿಕ್ ಜಾಸ್ತಿ ಇತ್ತು, ಲೇಟ್ ಆಯ್ತು" ಅಂತೀರಿ. ನಿಮಗೆ ಗೊಂದಲ ಆಗಿದೆಯಾ? ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಫ್ರೆಡ್ ಜೆನೆಸಿ ಮತ್ತು ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳನ್ನು ಗಮನಿಸಿದರು. ಇನ್ನೂ ಸರಿಯಾಗಿ ವಾಕ್ಯ ಕಟ್ಟೋಕೆ ಬಾರದ ಮಕ್ಕಳು ಅವು. ಆದರೂ ಫ್ರೆಂಚ್ ಮಾತಾಡೋ ತಂದೆ ಅಥವಾ ತಾಯಿ ಹತ್ತಿರ ಫ್ರೆಂಚ್ ಹೆಚ್ಚು ಬಳಸ್ತಿದ್ದವು, ಇಂಗ್ಲಿಷಿನವರ ಹತ್ತಿರ ಇಂಗ್ಲಿಷ್ ಹೆಚ್ಚು. ಯಾರ ಹತ್ತಿರ ಯಾವ ಮಾತು ಅನ್ನೋ ಲೆಕ್ಕ ಆ ವಯಸ್ಸಿಗೇ ಅವಕ್ಕೆ ಗೊತ್ತಿರುತ್ತೆ.

ಇನ್ನು ಪದಗಳ ಲೆಕ್ಕಕ್ಕೆ ಬರೋಣ. ತಂದೆ ತಾಯಿ ಹೆದರೋದು ಹೆಚ್ಚಾಗಿ ಇಲ್ಲೇ. ಪಕ್ಕದ ಮನೆ ಮಗುವಿಗೆ ಇಂಗ್ಲಿಷಿನಲ್ಲಿ ನೂರು ಪದ ಬರುತ್ತೆ, ನಮ್ಮದಕ್ಕೆ ನಲವತ್ತೇ ಅಂತ. ಎರಡು ಭಾಷೆಯ ಮಗುವಿಗೆ ಒಂದೊಂದು ಭಾಷೆಯಲ್ಲಿ ಗೊತ್ತಿರೋ ಪದ ಸ್ವಲ್ಪ ಕಡಿಮೆ ಇರಬಹುದು. ಅದು ನಿಜ, ಮುಚ್ಚಿಡೋ ಅಗತ್ಯ ಇಲ್ಲ. ಆದರೆ ಎರಡೂ ಭಾಷೆಯ ಪದ ಕೂಡಿಸಿ ನೋಡಿದ್ರೆ ಲೆಕ್ಕ ಸರಿಹೋಗುತ್ತೆ. ಅಮೆರಿಕದ ಮಯಾಮಿಯಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಮಾತಾಡೋ ಪುಟ್ಟ ಮಕ್ಕಳಲ್ಲಿ ಇದನ್ನು ಎಣಿಸಿ ನೋಡಿ 1993ರಲ್ಲಿ ಪ್ರಕಟಿಸಿದರು. ಒಟ್ಟು ಪದಗಳಲ್ಲಿ ಒಂದು ಭಾಷೆಯ ಮಕ್ಕಳಿಗೂ ಎರಡು ಭಾಷೆಯ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ಜೇಬಿನಲ್ಲಿ ದುಡ್ಡಿಟ್ಟುಕೊಂಡವನನ್ನು ಹಿಡಿದು, ಒಂದೇ ಜೇಬು ತಡಕಿ ನೋಡಿ "ಇವನ ಹತ್ರ ದುಡ್ಡೇ ಇಲ್ಲ" ಅಂದ್ರೆ ಹೇಗಿರುತ್ತೆ? ಪ್ಲೇ ಸ್ಕೂಲಿನವರು ತಡಕಿದ್ದು ಇಂಗ್ಲಿಷ್ ಜೇಬು ಮಾತ್ರ.

ಇಲ್ಲಿಯವರೆಗೆ ಭಯದ ಕಥೆ ಆಯ್ತು. ಈಗ ಇನ್ನೊಂದು ಕಡೆಯ ಉತ್ಪ್ರೇಕ್ಷೆಯನ್ನೂ ನೋಡಬೇಕು. ಯಾಕಂದ್ರೆ ಈಗ ಮೊಬೈಲಿನಲ್ಲಿ ಇನ್ನೊಂದು ಥರದ ಫಾರ್ವರ್ಡ್ ಓಡಾಡ್ತಿದೆ. ಎರಡು ಭಾಷೆ ಕಲಿಸಿ, ಮಗುವಿನ ಮೆದುಳು ಸೂಪರ್ ಆಗುತ್ತೆ, ಗಣಿತದಲ್ಲಿ ಫಸ್ಟ್ ಬರುತ್ತೆ ಅಂತ. ಇದು ಎಷ್ಟು ಸತ್ಯ?

ಇದಕ್ಕೂ ಒಂದು ಮೂಲ ಇದೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಎಲೆನ್ ಬಿಯಾಲಿಸ್ಟಾಕ್ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. ಪುಟ್ಟ ಮಕ್ಕಳ ಕೈಗೆ ಕಾರ್ಡುಗಳನ್ನು ಕೊಡ್ತಾರೆ. ಮೊದಲು ಬಣ್ಣ ನೋಡಿ ವಿಂಗಡಿಸು ಅಂತಾರೆ. ಕೆಂಪು ಇಲ್ಲಿ, ನೀಲಿ ಅಲ್ಲಿ. ಮಗು ಚೆನ್ನಾಗಿ ಮಾಡುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ನಿಯಮ ಬದಲಾಯಿಸ್ತಾರೆ. ಈಗ ಆಕಾರ ನೋಡು, ಬಣ್ಣ ಬಿಡು. ಚೌಕ ಇಲ್ಲಿ, ದುಂಡು ಅಲ್ಲಿ. ಕೈ ಹಳೆಯ ನಿಯಮದ ಕಡೆಗೇ ಎಳೆಯುತ್ತೆ. ಅದನ್ನು ತಡೆದು ಹೊಸ ನಿಯಮ ಹಿಡಿಯಬೇಕು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಚೀನಿ ಮತ್ತು ಇಂಗ್ಲಿಷ್ ಎರಡೂ ಮಾತಾಡೋ ಮಕ್ಕಳು ಇದನ್ನು ಇತರರಿಗಿಂತ ಚೆನ್ನಾಗಿ ಮಾಡಿದರು. ಕಾರಣ ಹೀಗೆ ಊಹಿಸಿದರು: ಎರಡು ಭಾಷೆಯವರ ತಲೆಯಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ. ಒಂದನ್ನು ಮಾತಾಡುವಾಗ ಇನ್ನೊಂದಕ್ಕೆ ಲಗಾಮು ಹಾಕಬೇಕು. ದಿನವಿಡೀ ಲಗಾಮು ಎಳೆದು ಎಳೆದು ಆ ಕೈ ಪಳಗುತ್ತೆ.

ಚಂದದ ವಿವರಣೆ. ಆದರೆ ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲಿ ಈ ಲಾಭ ಎಲ್ಲಾ ಕಡೆ ಸಿಗಲಿಲ್ಲ. ಅಮೆರಿಕದಲ್ಲಿ ಒಂಬತ್ತು, ಹತ್ತು ವರ್ಷದ 4500ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು 2019ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯ್ತು. ಗಮನ ಹಿಡಿದಿಡೋ ಇಂಥ ಶಕ್ತಿಯಲ್ಲಿ ಎರಡು ಭಾಷೆಯ ಮಕ್ಕಳಿಗೆ ವಿಶೇಷ ಮೇಲುಗೈ ಕಾಣಿಸಲಿಲ್ಲ. ವಿಜ್ಞಾನಿಗಳ ನಡುವೆ ಈ ವಾದ ಇನ್ನೂ ಮುಗಿದಿಲ್ಲ.

ಮೆದುಳಿಗೆ ಲಾಭ ಅನ್ನೋ ಮಾತಿಗೆ ನಮ್ಮ ಹತ್ತಿರದ ಒಂದು ಸಾಕ್ಷಿ ಇದೆ. ಅದು ಮಕ್ಕಳದ್ದಲ್ಲ, ಅಜ್ಜ ಅಜ್ಜಿಯರದ್ದು. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ತಂಡದವರು ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ ಇರೋ 648 ಜನರ ದಾಖಲೆ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಶುರುವಾಗಿದ್ದು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಡಾ. ಅಲ್ಲಾಡಿ ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಇದರ ಬಗ್ಗೆಯೂ ಚರ್ಚೆ ನಡೀತಾನೇ ಇದೆ. ಎರಡು ಭಾಷೆ ಕಾಯಿಲೆಗೆ ಔಷಧ ಅಂತ ಯಾರೂ ಹೇಳ್ತಿಲ್ಲ.

ಹಾಗಾಗಿ ನಾನು ಹೇಳೋದು ಇಷ್ಟೇ. ಎರಡು ಭಾಷೆಯಿಂದ ಮಗು ದಡ್ಡ ಆಗಲ್ಲ. ಎರಡು ಭಾಷೆ ಬಂದ ಮಾತ್ರಕ್ಕೆ ಮೇಧಾವಿಯೂ ಆಗಲ್ಲ. ಲಾಭ ಬೇಕಾ? ಅತಿ ದೊಡ್ಡ ಲಾಭ ಕಣ್ಣೆದುರೇ ಇದೆ. ಆ ಮಗುವಿಗೆ ಎರಡು ಭಾಷೆ ಬರುತ್ತೆ! ಗದಗದ ಅಜ್ಜಿ ಜೊತೆ ಮಾತಾಡುತ್ತೆ, ಪುತ್ತೂರಿನ ಅಜ್ಜ ಜೊತೆಯೂ ಮಾತಾಡುತ್ತೆ. ಇದಕ್ಕಿಂತ ಇನ್ನೇನು ಬೇಕು?

ಈಗ ಅಸಲು ವಿಷಯಕ್ಕೆ ಬರ್ತೀನಿ. ಮಗುವಿನ ಬುದ್ಧಿ ಬೆಳೆಯೋದು ಭಾಷೆಯ ಹೆಸರಿನಿಂದಲ್ಲ. ಮಾತಿನಿಂದ. ಎಷ್ಟು ಮಾತು, ಎಂಥ ಮಾತು, ಮಗುವಿನ ಮುಖ ನೋಡಿ ಆಡಿದ ಮಾತೋ ಅಲ್ಲವೋ ಅನ್ನೋದರಿಂದ.

ಆ ಮನೆಯಲ್ಲಿ ಮೂರು ವಾರ ನಡೆದಿದ್ದೇನು ನೋಡಿ. ತಾಯಿಗೆ ತುಳುವಿನಲ್ಲಿ ಸಾವಿರ ಮಾತು ಬರುತ್ತೆ. ಮುದ್ದು ಮಾಡೋಕೆ, ಗದರೋಕೆ, ತಮಾಷೆ ಮಾಡೋಕೆ, ಮಳೆ ಯಾಕೆ ಬರುತ್ತೆ ಅಂತ ವಿವರಿಸೋಕೆ. ಇಂಗ್ಲಿಷಿನಲ್ಲಿ ಅವಳಿಗೆ ಮಗುವಿನ ಜೊತೆ ಆಡೋಕೆ ಬರೋದು ಆಜ್ಞೆಗಳು ಮಾತ್ರ. ಕಮ್, ಗೋ, ಸಿಟ್, ಈಟ್. ಅಜ್ಜಿ ದಿನವಿಡೀ ಮಗುವಿನ ಜೊತೆ ಇರ್ತಾರೆ. ರೊಟ್ಟಿ ಬಡಿಯುತ್ತಾ, "ಇದು ಜ್ವಾಳ, ಇದನ್ನ ಹಿಂಗ ಬೀಸ್ತಾರ, ಹಿಂಗ ನಾದ್ತಾರ" ಅಂತ ಹೇಳ್ತಿದ್ದವರು. ಅವರ ಬಾಯಿಗೆ ಬೀಗ ಬಿತ್ತು. ದಿನಕ್ಕೆ ಎಂಟು ಗಂಟೆ ಮಾತು ಕೇಳ್ತಿದ್ದ ಮಗು ಈಗ ಎಂಟು ಗಂಟೆ ಮೌನ ಕೇಳ್ತಿದೆ. ಮಗು ಮಾತು ಕಮ್ಮಿ ಮಾಡದೆ ಇನ್ನೇನು ಮಾಡುತ್ತೆ?

ಆ ಮೌನ ತುಂಬೋಕೆ ಅವರು ಏನು ಮಾಡಿದರು ಗೊತ್ತಾ? ಮೊಬೈಲ್ ಕೊಟ್ಟರು. ಇಂಗ್ಲಿಷ್ ರೈಮ್ಸ್ ಹಾಕಿಟ್ಟರು. ಟಿವಿಯಲ್ಲಿ ಇಂಗ್ಲಿಷ್ ಕಾರ್ಟೂನ್.

ಟಿವಿಯಿಂದಲೇ ಅನ್ನ ತಿನ್ನೋ ನಾನು ಈ ಮಾತು ಹೇಳಬೇಕಾಗಿದೆ. ಟಿವಿ ಶಿಶುವಿಗೆ ಭಾಷೆ ಕಲಿಸಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪ್ಯಾಟ್ರಿಷಿಯಾ ಕುಲ್ ಅನ್ನೋ ವಿಜ್ಞಾನಿ ಒಂಬತ್ತು ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಂದು ಗುಂಪಿಗೆ ನಿಜವಾದ ಮನುಷ್ಯರು ಎದುರು ಕೂತು, ಆಟವಾಡಿಸುತ್ತಾ ಮಾತಾಡಿದರು. ಹನ್ನೆರಡು ಸಲ, ಒಟ್ಟು ಐದು ಗಂಟೆಯಷ್ಟು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು, ಪರದೆಯ ಮೇಲೆ. 2003ರಲ್ಲಿ ಫಲಿತಾಂಶ ಪ್ರಕಟವಾಯ್ತು. ಎದುರು ಕೂತು ಮಾತಾಡಿಸಿಕೊಂಡ ಶಿಶುಗಳು ಮ್ಯಾಂಡರಿನ್‌ನ ಸೂಕ್ಷ್ಮ ಧ್ವನಿಗಳ ವ್ಯತ್ಯಾಸ ಗುರುತಿಸಿದವು. ಪರದೆ ನೋಡಿದ ಶಿಶುಗಳು ಏನೂ ಕಲಿಯಲಿಲ್ಲ. ಮಗುವಿಗೆ ತನ್ನ ಮುಖ ನೋಡಿ ನಗೋ, ತಾನು ತೋರಿಸಿದ ಕಡೆ ತಿರುಗೋ ಮನುಷ್ಯ ಬೇಕು. ಅಜ್ಜಿಯನ್ನು ಸುಮ್ಮನೆ ಕೂರಿಸಿ ಟಿವಿ ಹಾಕಿದ್ರೆ, ಇದ್ದ ಮೇಷ್ಟ್ರನ್ನು ಮನೆಗೆ ಕಳಿಸಿ ಗೋಡೆಗೆ ಅವರ ಫೋಟೋ ನೇತುಹಾಕಿದ ಹಾಗೆ.

"ಅದೆಲ್ಲಾ ಸರಿ, ಇಂಗ್ಲಿಷ್ ಬೇಕಲ್ವಾ?" ಅಂತ ನೀವು ಕೇಳೇ ಕೇಳ್ತೀರಿ. ಬೇಕು. ಯಾರು ಬೇಡ ಅಂದರು? ಮಗುವನ್ನು ಯಾವ ಮಾಧ್ಯಮದಲ್ಲಿ ಓದಿಸಬೇಕು ಅನ್ನೋದು ದೊಡ್ಡ ಜಗಳದ ವಿಷಯ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ನಮ್ಮ ಕರ್ನಾಟಕದ ಪ್ರಕರಣದಲ್ಲೇ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಾದ ಕಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಯ ಭಾಷೆಯಲ್ಲೇ ಕಲಿಸಿ ಅನ್ನುತ್ತೆ. ಆ ಚರ್ಚೆ ಇವತ್ತು ಬೇಡ. ಶಾಲೆಯ ಮಾಧ್ಯಮ ಕೋರ್ಟ್, ಸರ್ಕಾರ, ಫೀಸು ಎಲ್ಲಾ ಸೇರಿದ ವಿಷಯ. ನಿಮ್ಮ ಅಡುಗೆಮನೆಯ ಮಾಧ್ಯಮ ಮಾತ್ರ ಇವತ್ತಿಗೂ ನಿಮ್ಮ ಕೈಯಲ್ಲೇ ಇದೆ. ಇಂಗ್ಲಿಷಿಗೆ ಶಾಲೆ ಇದೆ, ಬೀದಿ ಇದೆ, ಮುಂದೆ ಆಫೀಸಿದೆ. ತುಳುವಿಗೆ, ಕೊಡವ ತಕ್ಕ್‌ಗೆ, ಲಂಬಾಣಿಗೆ ಮನೆ ಬಿಟ್ರೆ ಬೇರೆ ಎಲ್ಲಿದೆ ಜಾಗ? ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಈಗ ಕನ್ನಡದ ಪಾಡೂ ಅದೇ ಆಗ್ತಿದೆ.

ಮನೆಯ ಭಾಷೆ ತಾನಾಗೇ ಉಳಿಯುತ್ತೆ ಅಂತ ತಿಳೀಬೇಡಿ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಆನಿಕ್ ಡೆ ಹೌವರ್ ಅನ್ನೋ ಭಾಷಾವಿಜ್ಞಾನಿ, ಮನೆಯಲ್ಲಿ ಬೇರೆ ಭಾಷೆಯೂ ಇರೋ ಸುಮಾರು 1900 ಕುಟುಂಬಗಳ ಮಾಹಿತಿ ತೆಗೆದರು. 2007ರಲ್ಲಿ ಪ್ರಕಟವಾಯ್ತು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮನೆಯಲ್ಲಿ ಮಕ್ಕಳು ಆ ಮನೆಭಾಷೆ ಮಾತಾಡ್ತಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮನೆಭಾಷೆ ಬಳಸೋ ಕಡೆ ಅದು ಗಟ್ಟಿಯಾಗಿ ನಿಂತಿತ್ತು. ಕೇಳಿಸಿಕೊಂಡ್ರೆ ಸಾಲದು, ಮಗುವಿಗೆ ಅದನ್ನು ಮಾತಾಡೋ ಅಗತ್ಯ ಬರಬೇಕು.

ನಮ್ಮ ನಾಡಿಗೆ ಇದು ಹೊಸ ವಿಷಯವೇ ಅಲ್ಲ. ಕೋಲಾರದಲ್ಲಿ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಕಲಬುರಗಿಯಲ್ಲಿ ದಖನಿ ಮತ್ತು ಕನ್ನಡ. ಮಂಗಳೂರಿನ ಮೀನು ಮಾರ್ಕೆಟ್‌ಗೆ ಹೋಗಿ, ಒಂದೇ ಬಾಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಕೇಳ್ತೀರಿ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರ ಮನೆಮಾತು ತಮಿಳು. ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ಕನ್ನಡಕ್ಕೆ ಬಂದ ಜ್ಞಾನಪೀಠಗಳಲ್ಲಿ ಮೂರು ಈ ಮೂವರದ್ದು. 1973, 1983, 1998. ಮನೆಯಲ್ಲೊಂದು, ಹೊರಗೊಂದು ಭಾಷೆ ಇದ್ದಿದ್ರಿಂದ ಇವರಿಗೆ ಯಾವ ಗೊಂದಲ ಆಯ್ತು? ಅದರಲ್ಲಿ ಲಾಭ ಆಗಿದ್ದು ಕನ್ನಡಕ್ಕೆ.

ಹಾಗಾದ್ರೆ ಮನೆಯಲ್ಲಿ ಏನು ಮಾಡಬೇಕು? ನಾಲ್ಕೇ ಮಾತು.

ಒಂದು, ನಿಮಗೆ ಯಾವ ಭಾಷೆ ಸಲೀಸಾಗಿ ಬರುತ್ತೋ ಅದರಲ್ಲೇ ಮಗುವಿನ ಜೊತೆ ಮಾತಾಡಿ. ಅಪ್ಪ ಒಂದು ಭಾಷೆ, ಅಮ್ಮ ಒಂದು ಭಾಷೆ ಅನ್ನೋ ಪದ್ಧತಿ ಫ್ರಾನ್ಸ್‌ನಲ್ಲಿ ಜೂಲ್ ರೋಂಜಾ ಅನ್ನೋರು 1913ರಷ್ಟು ಹಿಂದೆಯೇ ತಮ್ಮ ಮಗನ ಮೇಲೆ ಪ್ರಯೋಗ ಮಾಡಿ ಪುಸ್ತಕ ಬರೆದಿದ್ದಾರೆ. ಅನುಕೂಲ ಆದ್ರೆ ಮಾಡಿ. ಕಟ್ಟುನಿಟ್ಟಾಗಿ ಪಾಲಿಸಲೇಬೇಕು ಅಂತೇನಿಲ್ಲ.

ಎರಡು, ಮಗು ಬೆರೆಸಿ ಮಾತಾಡಿದ್ರೆ ಗದರಬೇಡಿ, ನಗಾಡಬೇಡಿ. "ನೀರ್ ಬೋಡು" ಅಂದ್ರೆ "ನೀರು ಬೇಕಾ ಕಂದಾ, ತಗೋ" ಅನ್ನಿ. ಸರಿಯಾದ ಪದ ಕಿವಿಗೆ ಬಿದ್ದರೆ ಸಾಕು, ಮಗು ಎತ್ತಿಕೊಳ್ಳುತ್ತೆ.

ಮೂರು, ಕಥೆ ಹೇಳಿ, ಹಾಡು ಹೇಳಿ, ಮಗು ಕೇಳಿದ್ದಕ್ಕೆ ಉತ್ತರ ಕೊಡಿ. ಮೊಬೈಲ್ ಪಕ್ಕಕ್ಕಿಡಿ. ನಮ್ಮ ಚಾನೆಲ್ಲನ್ನೂ ಒಂದು ಗಂಟೆ ಆಫ್ ಮಾಡಿ, ನನಗೇನೂ ಬೇಜಾರಿಲ್ಲ.

ನಾಲ್ಕನೇದು ಬಹಳ ಮುಖ್ಯ. ಮಗು ನಿಜವಾಗಿಯೂ ಮಾತಿನಲ್ಲಿ ಹಿಂದಿದ್ರೆ ಅದನ್ನು ಎರಡು ಭಾಷೆಯ ತಲೆಗೆ ಕಟ್ಟಿ ಕಾಯ್ತಾ ಕೂರಬೇಡಿ. ಒಂದು ವರ್ಷವಾದ್ರೂ ತೊದಲು ನುಡಿ ಇಲ್ಲ, ಹೆಸರು ಕರೆದ್ರೆ ತಿರುಗಲ್ಲ, ಒಂದೂವರೆ ವರ್ಷಕ್ಕೂ ಯಾವ ಭಾಷೆಯಲ್ಲೂ ಒಂದು ಪದ ಇಲ್ಲ, ಎರಡು ವರ್ಷ ದಾಟಿದ್ರೂ ಎರಡು ಪದ ಜೋಡಿಸಲ್ಲ, ಅಥವಾ ಬರ್ತಿದ್ದ ಮಾತು ನಿಂತುಹೋಗಿದೆ ಅಂದ್ರೆ ತಡ ಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಇದೇ ಕೆಲಸಕ್ಕೆ ಅಂತಲೇ ಇರೋದು. ದೊಡ್ಡ ಆಸ್ಪತ್ರೆಗಳಲ್ಲಿ ವಾಕ್ ತಜ್ಞರು ಇರ್ತಾರೆ. ಅಲ್ಲಿ ಮಗುವಿನ ಪದಗಳನ್ನು ಹೇಳುವಾಗ ಮನೆಯ ಎಲ್ಲಾ ಭಾಷೆಯ ಪದಗಳನ್ನೂ ಸೇರಿಸಿ ಹೇಳಿ. ಎರಡು ಭಾಷೆಯಿಂದ ಮಾತಿನ ತೊಂದರೆ ಹುಟ್ಟಲ್ಲ. ಆದರೆ ತೊಂದರೆ ಇರೋ ಮಗು ಎರಡು ಭಾಷೆಯ ಮನೆಯಲ್ಲೂ ಹುಟ್ಟಬಹುದು. ಆ ಮಗುವಿಗೆ ಬೇಗ ಸಹಾಯ ಸಿಗಬೇಕು.

ನಮ್ಮ ಹುಡುಗ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿದ. ಕಿವಿ ಸರಿಯಿದೆ. ವಾಕ್ ತಜ್ಞೆ ಕನ್ನಡ, ತುಳು ಎರಡೂ ಪದ ಕೂಡಿಸಿ ಎಣಿಸಿದರು. ವಯಸ್ಸಿಗೆ ತಕ್ಕ ಹಾಗೇ ಇದೆ ಅಂದರು. ಆಮೇಲೆ ಚೀಟಿ ಬರೆಯೋ ಬದಲು ಒಂದು ಪ್ರಶ್ನೆ ಕೇಳಿದರಂತೆ. "ಮನೇಲಿ ಹಗಲು ಹೊತ್ತು ಮಗು ಜೊತೆ ಯಾರು ಮಾತಾಡ್ತಾರೆ?" ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಹೋದ ವಾರ ಅವನು ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅಜ್ಜಿ ರೊಟ್ಟಿ ಬಡೀತಿದ್ದಾರೆ. ಪಕ್ಕದಲ್ಲಿ ಕೂತ ಮಗು ಹಿಟ್ಟಿನ ಉಂಡೆ ತೋರಿಸಿ ಏನೋ ಕೇಳ್ತಿದೆ. ಅಜ್ಜಿ, "ಏನ್ ಬೋಡು ನಿನಗ? ರೊಟ್ಟಿ ಬೋಡೇನು?" ಅಂತಿದ್ದಾರೆ. ಗದಗದ ಅಜ್ಜಿಗೆ ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ತುಳು ಕಲಿಸ್ತಿರೋದು ಆ ಎರಡೂವರೆ ವರ್ಷದ ಮಗು.

ನಿಮ್ಮ ಮನೆಯಲ್ಲೂ ಹೀಗೆ ಸುಮ್ಮನೆ ಕೂತ ಅಜ್ಜಿ ಇದ್ದರೆ, ಇವತ್ತು ರಾತ್ರಿಯೇ ಹೋಗಿ ಹೇಳಿ. "ಅವ್ವಾ, ಮಗೂಗೆ ಒಂದು ಕಥೆ ಹೇಳು, ನಿನ್ನ ಮಾತಲ್ಲೇ ಹೇಳು" ಅಂತ.